ನಿನ್ನ ಅಳತೆಯ ಬಂದೂಕು

ಮಣಿಕೊಂಡ, ಹೈದರಾಬಾದ್

ನಮ್ಮ ಒಲೆ ಆರಿಸಿ ಹೋದವಳೇ,

ಕಳ್ಳಿ ಎಂದು ಕರೆದರೂ ತಪ್ಪಿಲ್ಲ. ನನ್ನ ಅವ್ವ ಕೊಟ್ಟ ಚಿನ್ನದ ಪಾಟ್ಲಿ ಬಳೆಯ ಜೋಡಿಯನ್ನು ದಿಂಬಿನ ಪಕ್ಕದಿಂದ ಎತ್ತಿಕೊಂಡು ಹೋದವಳನ್ನು ಬೇರೆ ಏನೆಂದು ಕರೆಯಲಿ? ಮೊದಮೊದಲು ನಿನಗೆ ಹಾಕದ ಶಾಪವಿಲ್ಲ. ನಿನ್ನ ಬಾಯಲ್ಲಿ ಮಣ್ಣು ಬೀಳಲಿ ಎಂದಿದ್ದೇನೆ, ಕೈ ಸೇದಿಹೋಗಲಿ ಎಂದಿದ್ದೇನೆ. ಈಗ ಅದೇ ಬಾಯಿಂದ, ಅವಳು ಈ ಕಡೆ ತಲೆ ಹಾಕದಿರಲಿ, ಎಲ್ಲಾದರೂ ಬದುಕಿಕೊಳ್ಳಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ನಮ್ಮ ಮನೆಯಲ್ಲೊಂದು ಬಂದೂಕು ಇದೆ. ಅದನ್ನು ತಂದಿರುವುದು ನಿನಗಾಗಿ. ಇಷ್ಟನ್ನು ನಿನ್ನ ಕಿವಿಗೆ ಮುಟ್ಟಿಸುವ ದಾರಿ ನನಗೆ ಗೊತ್ತಿಲ್ಲ. ನಿನ್ನ ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ, ನಿನಗೆ ಓದು ಬರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಬರೆಯದೆ ಇರಲಾರೆ.

ಅಂದು ಮೇ ತಿಂಗಳ ಮಧ್ಯಾಹ್ನ, ನಿನಗೆ ನೆನಪಿರಬೇಕು. ಹಾಲನ್ನು ಒಲೆಯ ಮೇಲಿಟ್ಟು ಸಣ್ಣ ಉರಿ ಮಾಡಿ, ಒಂದು ಗಳಿಗೆ ಬೆನ್ನು ಚಾಚೋಣವೆಂದು ಮಲಗಿದವಳಿಗೆ ನಿದ್ದೆ ಹತ್ತಿಬಿಟ್ಟಿತು. ಹೊರಗಿನ ಕೋಣೆಯಲ್ಲಿ ನಮ್ಮ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಎದ್ದಾಗ ಪಾಟ್ಲಿ ಇರಲಿಲ್ಲ, ಫೋನು ಇರಲಿಲ್ಲ, ಅಡುಗೆಮನೆಯ ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಒಳಗೆ ಹೋಗಿ ನೋಡಿದೆ. ಹಾಲು ಉಕ್ಕಿ ಕಟ್ಟೆಯ ತುಂಬ ಹರಿದಿತ್ತು. ಉರಿ ನಂದಿ ಗ್ಯಾಸು ಮನೆಯೆಲ್ಲ ತುಂಬಿಕೊಳ್ಳಬೇಕಿತ್ತು, ನಾವಿಬ್ಬರೂ ಆ ನಿದ್ದೆಯಿಂದ ಏಳಬಾರದಿತ್ತು. ಆದರೆ ಒಲೆಯ ತಿರುಪನ್ನು ಯಾರೋ ತಿರುಗಿಸಿ ಬಂದ್ ಮಾಡಿದ್ದರು. ಪಾತ್ರೆಯಲ್ಲಿ ಉಳಿದ ಹಾಲಿನ ಮೇಲೆ ತಟ್ಟೆ ಮುಚ್ಚಿದ್ದರು. ಕದಿಯಲು ಬಂದ ಯಾವ ಗಂಡಸು ಹಾಲಿಗೆ ಬೆಕ್ಕು ಬಾಯಿ ಹಾಕೀತೆಂದು ತಟ್ಟೆ ಮುಚ್ಚುತ್ತಾನೆ, ಹೇಳು?

ಹಿತ್ತಲ ಮೆಟ್ಟಿಲ ಕೆಳಗೆ ನಿನ್ನ ಚಪ್ಪಲಿ ಇದ್ದವು. ಕಿತ್ತ ಉಂಗುಷ್ಟಕ್ಕೆ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ, ಅಂಚಿನಲ್ಲಿ ಗಟ್ಟಿಯಾದ ಸಿಮೆಂಟು, ಎಡಗಾಲಿನ ಹಿಮ್ಮಡಿ ಒಂದು ಕಡೆಗೆ ಸವೆದದ್ದು. ಒಲೆ ಇರುವ ಮನೆಯೊಳಗೆ ಮೆಟ್ಟು ಮೆಟ್ಟಿಕೊಂಡು ಹೋಗಬಾರದೆಂದು ನಿನ್ನವ್ವ ಕಲಿಸಿದ್ದನ್ನು ನೀನು ಕಳ್ಳತನಕ್ಕೆ ಬಂದಾಗಲೂ ಬಿಡಲಿಲ್ಲ. ಹೋಗುವಾಗ ಗಾಬರಿಯಲ್ಲಿ ಮರೆತೆ. ನನ್ನ ಕಾಲನ್ನು ಪಕ್ಕಕ್ಕಿಟ್ಟು ನೋಡಿದೆ, ನನ್ನದಕ್ಕಿಂತ ಚಿಕ್ಕದು. ನಾನೇ ಗಿಡ್ಡಿ, ನೀನು ನನ್ನ ಕಿವಿಯ ತನಕ ಬಂದರೆ ಹೆಚ್ಚು. ನಮ್ಮ ಹಿತ್ತಲ ಗೋಡೆಯಾಚೆ ಅಪಾರ್ಟ್‌ಮೆಂಟು ಕಟ್ಟುವವರ ತಗಡಿನ ಶೆಡ್ಡುಗಳಿವೆ. ಅಲ್ಲಿಂದ ನಮ್ಮ ಯಾದಗಿರಿ, ರಾಯಚೂರು ಕಡೆಯ ಮಾತು ಕೇಳಿಸುತ್ತದೆ. ಈ ಚಪ್ಪಲಿ ಪೊಲೀಸರ ಕೈಗೆ ಸಿಕ್ಕರೆ ಅಲ್ಲಿನ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಾಲಿಗೆ ತೊಡಿಸಿ ನೋಡುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಯಜಮಾನರನ್ನು ಎಬ್ಬಿಸುವ ಮೊದಲೇ ಅದನ್ನು ಹಳೆಯ ಕುಕ್ಕರಿನ ಡಬ್ಬದಲ್ಲಿ ಹಾಕಿ ಅಟ್ಟಕ್ಕೇರಿಸಿದೆ. ಎಸೆದುಬಿಡಬಹುದಿತ್ತು. ಆದರೆ ಅಂಥ ಬಿಸಿಲಲ್ಲಿ ಬರಿಗಾಲಲ್ಲಿ ಹೋದೆಯಲ್ಲ, ಆ ಯೋಚನೆ ಎಸೆಯಲು ಬಿಡಲಿಲ್ಲ.

ನಮ್ಮ ಯಜಮಾನರ ಹೆಸರು ಗುರುಸಿದ್ದಪ್ಪ. ಬಾಯಲ್ಲಿ ಹೇಳುವ ರೂಢಿ ನನಗಿಲ್ಲ, ಕಾಗದಕ್ಕೆ ಆ ಕಟ್ಟುಪಾಡಿಲ್ಲ. ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು, ಫೇಲು ಎಂದು ಹೇಳುವುದು ಅವರ ಕೆಲಸವಾಗಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ನನ್ನ ರೊಟ್ಟಿಯ ದುಂಡನ್ನು ನೋಡಿ ಪಾಸು, ಫೇಲು ಅನ್ನುತ್ತಿದ್ದರು, ನಾನೂ ನಗುತ್ತಿದ್ದೆ. ಇಂಥ ಮನುಷ್ಯ ಅಂದು ಕರಿಬೇವಿನ ಗಿಡಕ್ಕೆ ನೀರು ಹಾಕಿ ಬಂದು ಹಿತ್ತಲ ಬಾಗಿಲಿನ ಅಗಳಿ ಹಾಕಲು ಮರೆತಿದ್ದರು. ಹಾಕದೆ ಬಂದದ್ದನ್ನು ನಾನು ನೋಡಿದ್ದೆ, ಮಲಗಿ ಎದ್ದು ಹಾಕಿದರಾಯಿತೆಂದು ಸುಮ್ಮನಿದ್ದೆ. ಪೊಲೀಸರು ಬಂದಾಗ ಅಗಳಿ ಬಗ್ಗಿತ್ತು. ಅದು ಹೇಗೆ ಬಗ್ಗಿತೆಂದು ನಾನು ಕೇಳಲಿಲ್ಲ.

"ಆರಡಿ ಮ್ಯಾಲ ಇದ್ದಾನ್ರಿ ಅಂವ. ಇಲ್ಲಾಂದ್ರ ಈ ಅಗಳಿ ಬಗ್ಗೂದಿಲ್ಲ" ಎಂದು ಯಜಮಾನರು ನನ್ನೆದುರಿಗೇ ಪೊಲೀಸರಿಗೆ ಹೇಳಿ, ಆಮೇಲೆ ಅದನ್ನೇ ಹಿಂದಿಯಲ್ಲೂ ಹೇಳಿದರು. ಅವರ ಮಾನ ಉಳಿಯಬೇಕಾದರೆ ನೀನು ಆರಡಿ ಇರಲೇಬೇಕಿತ್ತು, ನೋಡು. ದಿನ ಹೋದಂತೆ ನಿನಗೆ ಮೀಸೆ ಬಂತು, ತೋಳು ಬಂತು, ಕೈಯಲ್ಲಿ ಮಚ್ಚೂ ಬಂತು. ಒಲೆ ಆರಿಸಿದ್ದು ಯಾರೆಂದು ಕೇಳಿದರೆ, ನಾನೇ ಆರಿಸಿ ಮರೆತಿದ್ದೇನೆ ಎಂದರು.

ಬಂದೂಕಿನ ಲೈಸೆನ್ಸಿಗಾಗಿ ವರ್ಷಕ್ಕೂ ಮೇಲೆ ಅಲೆದರು. ಬೇಸತ್ತು ಬಿಡುತ್ತಾರೆಂದುಕೊಂಡೆ, ಬಿಡಲಿಲ್ಲ. ಸುಲ್ತಾನ್ ಬಜಾರಿನಲ್ಲಿ ನನಗೊಂದು ಸೀರೆ ಕೊಡಿಸುವಷ್ಟರಲ್ಲಿ ಆಕಳಿಸುವ ಮನುಷ್ಯ, ಅದೇ ದಾರಿಯಲ್ಲಿ ಮುಂದೆ ಹೋಗಿ ಬಂದೂಕಿನ ಅಂಗಡಿಯಲ್ಲಿ ಅರ್ಧ ದಿನ ಕುಳಿತರು. ಅಂಗಡಿಯ ಸೂರಜ್ ಒಂದೊಂದನ್ನೇ ಇಳಿಸಿ ತೋರಿಸಿದ. ಒಂಟಿನಳಿಗೆಯದು, ಜೋಡಿನಳಿಗೆಯದು, ಆಮೇಲೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಜಗ್ಗುವ ಇನ್ನೊಂದು. ಅದನ್ನು ಜಗ್ಗಿದಾಗ ಬಂದ ಸದ್ದಿಗೆ ನನ್ನ ಕೈಯ ಚೀಲ ಕೆಳಗೆ ಬಿತ್ತು. ಕಳ್ಳ ಈ ಸದ್ದು ಕೇಳಿಯೇ ಓಡುತ್ತಾನೆ, ಗುಂಡು ಹಾರಿಸುವ ಪ್ರಸಂಗವೇ ಬರುವುದಿಲ್ಲ ಎಂದ ಸೂರಜ್. ನನಗೆ ಜೀವ ಬಂದಂತಾಯಿತು. ಇದನ್ನೇ ಕಟ್ಟಿ ಕೊಡಪ್ಪ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಯಜಮಾನರು ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಓಡಿ ಹೋದ್ರ ಏನ್ ಬಂತು?" ಎಂದರು.

ನಲವತ್ತು ವರ್ಷ ಬಾಳಿದ ಗಂಡನನ್ನು ಆ ಅಂಗಡಿಯಲ್ಲಿ ನಾನು ಹೊಸದಾಗಿ ನೋಡಿದೆ. ತಂದದ್ದು ಜೋಡಿನಳಿಗೆಯ ಬಂದೂಕನ್ನು. ಬಂದೂಕಿಗೆ ತುಂಬುವ ತೋಟಾದಲ್ಲಿ ಹಕ್ಕಿ ಹೊಡೆಯುವ ಸಣ್ಣ ಚರೆಯದೂ ಇತ್ತು, ಹಂದಿ ಹೊಡೆಯುವ ದಪ್ಪ ಚರೆಯದೂ ಇತ್ತು. ಅವರು ಕೇಳಿದ್ದು ದಪ್ಪನೆಯದನ್ನು.

ನಮ್ಮ ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿ ಇಕ್ಕಟ್ಟು. ನಳಿಗೆ ತಿರುಗುವುದಿಲ್ಲವೆಂದು ಅದನ್ನು ಕತ್ತರಿಸಲು ಕೇಳಿದರು. ಅದು ಜೈಲಿಗೆ ಹೋಗುವ ಕೆಲಸವೆಂದು ಸೂರಜ್ ಕೈಯಾಡಿಸಿಬಿಟ್ಟ. ಬದಲಿಗೆ ಹೆಗಲಿಗೆ ಆನಿಸುವ ಹಿಂಬದಿಯ ಮರವನ್ನು ಅವರ ತೋಳಿಗೆ ತಕ್ಕಂತೆ ಗಿಡ್ಡ ಮಾಡಿ, ಪೆಟ್ಟು ತಡೆಯಲು ರಬ್ಬರು ಕೂರಿಸಿ ಕೊಟ್ಟ. ರವಿಕೆಯ ಅಳತೆ ಕೊಡುವ ಹಾಗೆ ಯಜಮಾನರು ತೋಳು ಚಾಚಿ ನಿಂತಿದ್ದರು. ನಳಿಗೆಯ ತುದಿಗೆ ಎದ್ದು ಕಾಣುವ ಮಣಿ ಹಾಕಿಸಿದರು. ಆದರೆ ಕೈ ನಡುಗುತ್ತದಲ್ಲ, ವಯಸ್ಸಾಯಿತು. ಅದಕ್ಕೆ ಮನೆಯಲ್ಲೇ ಒಂದು ಕವಲುಗೋಲು ಮಾಡಿದರು. ಓಣಿಯ ಈ ತುದಿಯಲ್ಲಿ ಅದನ್ನು ನಿಲ್ಲಿಸಿ, ಕವಲಿನಲ್ಲಿ ನಳಿಗೆ ಇಟ್ಟರೆ ಬಂದೂಕು ಅಲುಗಾಡುವುದಿಲ್ಲ, ಹಿತ್ತಲ ಬಾಗಿಲನ್ನೇ ನೋಡುತ್ತದೆ. ಎತ್ತರ ಹೆಚ್ಚುಕಡಿಮೆ ಮಾಡಲು ಅದಕ್ಕೊಂದು ತಿರುಪು. ಆ ಎತ್ತರ ಗೊತ್ತು ಮಾಡಲು ಬಾಗಿಲಲ್ಲಿ ಯಾರಾದರೂ ನಿಲ್ಲಬೇಕಿತ್ತು. ಮನೆಯಲ್ಲಿ ನಾನಲ್ಲದೆ ಇನ್ನಾರಿದ್ದಾರೆ?

ಹಾಗೆ ನಿನ್ನ ಜಾಗದಲ್ಲಿ ನಾನು ನಿಂತೆ. ಬಂದೂಕು ಖಾಲಿ ಇತ್ತು, ಎರಡು ಸಲ ತೆರೆದು ತೋರಿಸಿದ್ದರು. ಆದರೂ ಆ ಎರಡು ತೂತುಗಳು ನನ್ನ ಮುಖ ನೋಡಿದಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. "ನೀ ಗಿಡ್ಡ ಆಗ್ತಿ. ಸ್ಟೂಲ್ ಮ್ಯಾಲ ಹತ್ತು" ಎಂದರು. ನಾನು ಸಂತೋಷದಿಂದ ಹತ್ತಿದೆ. ನನ್ನ ಎದೆಗೆ ಸರಿಯಾಗಿ ಕವಲನ್ನು ಏರಿಸಿ ತಿರುಪು ಬಿಗಿದರು. ಆ ಎತ್ತರಕ್ಕೆ ಹಾರಿದ ಚರೆ ನಿನ್ನ ತಲೆಯ ಮೇಲಿನಿಂದ ಹೋಗಿ ಗೋಡೆಗೆ ಬೀಳುತ್ತದೆ. ನಾನು ಬಾಯಿ ಬಿಡದೆ ಇರುವಷ್ಟು ದಿನ ನಿನಗೆ ಭಯವಿಲ್ಲ ಎಂದುಕೊಂಡೆ. ದಿನವೂ ಮಧ್ಯಾಹ್ನ ಊಟವಾದ ಮೇಲೆ, ನೀನು ಬಂದ ಹೊತ್ತಿಗೆ ಸರಿಯಾಗಿ, ಅವರು ಕುರ್ಚಿ ಹಾಕಿಕೊಂಡು ಆ ಕವಲಿನ ಹಿಂದೆ ಕೂರುತ್ತಿದ್ದರು. ಬೇರೆಯವರ ಮನೆಯಲ್ಲಿ ದೆವ್ವ ಕತ್ತಲಲ್ಲಿ ಬರುತ್ತದಂತೆ. ನಮ್ಮ ಮನೆಗೆ ನೀನು ಸುಡುಬಿಸಿಲಲ್ಲಿ ಬರುತ್ತಿದ್ದೆ. ಹಿತ್ತಲಲ್ಲಿ ಒಣಹಾಕಿದ ಸೀರೆ ಅಲುಗಾಡಿದರೆ ಅವರ ಉಸಿರು ನಿಲ್ಲುತ್ತಿತ್ತು, ಜೊತೆಗೆ ನನ್ನದೂ.

ಚುನಾವಣೆ ಬಂದರೆ ಮಾತ್ರ ನನಗೆ ನಿದ್ದೆ. ಆಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಅಸೆಂಬ್ಲಿಗೆ ಒಮ್ಮೆ ಹೋಯಿತು, ಲೋಕಸಭೆಗೆ ಒಮ್ಮೆ ಹೋಯಿತು. ಬಂದೂಕು ಗೇಟು ದಾಟಿದ ದಿನ ನಾನು ಹೋಳಿಗೆ ಮಾಡಿದ್ದೆ. ಈ ರಾಜ್ಯಕ್ಕೆ ತಿಂಗಳಿಗೊಂದು ಚುನಾವಣೆ ಬರಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಹೋದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡಲು ಅವರೇ ಹತ್ತಿದರು. ಬೇಡವೆಂದು ನಾನು ಏಣಿ ಹಿಡಿದು ಎಷ್ಟು ಹೇಳಿದರೂ ಕೇಳಲಿಲ್ಲ. ಕುಕ್ಕರಿನ ಡಬ್ಬ ಹಿಡಿದು ಕೆಳಗಿಳಿದರು. ಚಪ್ಪಲಿ ಹೊರತೆಗೆದು, ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಸ್ಟೀಲಿನ ಸ್ಕೇಲು ತಂದು ಉದ್ದ ಅಳೆದರು, ಸವೆದ ಹಿಮ್ಮಡಿಯನ್ನೂ ಅಳೆದರು. ಯಾರದೆಂದು ಕೇಳಲಿಲ್ಲ. ಇನ್ನು ಮುಚ್ಚಿ ಪ್ರಯೋಜನವಿಲ್ಲವೆಂದು ಹಾಲಿನ ಸಂಗತಿ, ತಟ್ಟೆಯ ಸಂಗತಿ ಎಲ್ಲ ಮತ್ತೊಮ್ಮೆ ಹೇಳಿ, "ಆಕಿ ನಮ್ಮಿಬ್ಬರ ಜೀವಾ ಉಳಿಸ್ಯಾಳ್ರಿ" ಎಂದೆ. ಕಣ್ಣೀರು ಬಂದಿತ್ತು. ಅವರಿಗೂ ಬರುತ್ತದೆ ಎಂದುಕೊಂಡಿದ್ದೆ.

"ಬಾಗಿಲಾ ತೆರೆದಿತ್ತು ಅನ್ನೂದು ಆಕಿ ಒಬ್ಬಾಕಿಗೇ ಗೊತ್ತು" ಎಂದರು, ಮೆಲ್ಲಗೆ.

ಇನ್ನೊಬ್ಬಾಕೆಗೂ ಗೊತ್ತು ಎಂದು ನಾನು ಹೇಳಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ. ಅವರು ಎದ್ದು ಹೋಗಿ ಕವಲಿನ ತಿರುಪು ಸಡಿಲಿಸಿ, ನನ್ನನ್ನು ಹಿತ್ತಲ ಬಾಗಿಲಿಗೆ ಕಳಿಸಿದರು. ರೂಢಿಯಂತೆ ನಾನು ಸ್ಟೂಲು ಎಳೆದುಕೊಂಡೆ. "ಸ್ಟೂಲ್ ಬ್ಯಾಡ. ಕೆಳಗ ನಿಂದ್ರು. ಇನ್ನ ಒಂಚೂರು ಬಗ್ಗು" ಎಂದರು. ಬಗ್ಗಿದೆ, ತಾಯಿ. ನಾನು ಬಗ್ಗಿ ನಿಂತೆ, ಅವರು ಕವಲನ್ನು ಇಳಿಸುತ್ತ ಬಂದು ನಿನ್ನ ಎದೆಯ ಹತ್ತಿರ ನಿಲ್ಲಿಸಿ ಬಿಗಿದರು. ಪಾಸು ಮಾಡುವಾಗಿನ ಹಾಗೆ ತಲೆಯಾಡಿಸಿದರು.

ಮರುದಿನ ನಾನು ಶೆಡ್ಡಿಗೆ ಹೋದೆ. ಮಾತನಾಡಿಸುವ ನೆಪದಲ್ಲಿ ಎಲ್ಲ ಹೆಂಗಸರ ಕಾಲು ನೋಡಿದೆ. ಎಲ್ಲರ ಕಾಲೂ ಸಿಮೆಂಟಿನಿಂದ ಒಡೆದಿದ್ದವು, ಅರ್ಧಕ್ಕರ್ಧ ನಿನ್ನಷ್ಟೇ ಎತ್ತರ. ಹಿತ್ತಲ ಕಡೆ ಬರಬೇಡಿರೆಂದು ಹೇಳಿದೆ. ಮನೆಯಾಕೆಗೆ ದರ್ಪ ಎಂದು ಹಿಂದಿನಿಂದ ಒಬ್ಬಳು ನಕ್ಕಳು. ನೀನೇ ಇರಬಹುದೆಂದು ತಿರುಗಿ ನೋಡಿದೆ, ಗುರುತು ಹತ್ತಲಿಲ್ಲ.

ಅಂದಿನಿಂದ ಊಟವಾದ ಮೇಲೆ ನಾನು ಅಡುಗೆಮನೆಗೆ ಹೋಗಿ ಹಿತ್ತಲ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸುತ್ತೇನೆ. ಅಲ್ಲಿ ಯಾಕೆ ಎಂದು ಕೇಳಿದರು. ಇಲ್ಲಿ ತಂಪಾಗಿದೆ ಎಂದೆ. ಏಳು ಎಂದರು, ಏಳಲಿಲ್ಲ. ಇಷ್ಟು ವರ್ಷದಲ್ಲಿ ಅವರು ಏಳು ಎಂದಾಗ ನಾನು ಏಳದಿದ್ದದ್ದು ಅದೊಂದೇ ಸಲ. ಓಣಿಯ ಆ ತುದಿಯಲ್ಲಿ ಅವರು ಕೂತಿರುತ್ತಾರೆ, ಈ ತುದಿಯಲ್ಲಿ ನಾನು ಮಲಗಿರುತ್ತೇನೆ. ಬಾಗಿಲು ಸ್ವಲ್ಪ ಅಲುಗಾಡಿದರೂ ಮೊದಲು ಎದ್ದು ನಿಲ್ಲುವುದು ನಾನೇ ಎಂದು ಅವರಿಗೆ ಗೊತ್ತು. ಇಬ್ಬರೂ ಕಣ್ಣು ಮುಚ್ಚುವುದಿಲ್ಲ. ಒಬ್ಬರನ್ನೊಬ್ಬರು ನೋಡುತ್ತ ಮಧ್ಯಾಹ್ನ ಕಳೆಯುತ್ತೇವೆ.

ಪಾಟ್ಲಿ ನಿನಗೇ ಇರಲಿ, ಮನಸಾರೆ ಕೊಟ್ಟಿದ್ದೇನೆ. ಹಸಿವಾದರೆ ಹಗಲಲ್ಲಿ ಮುಂಬಾಗಿಲಿಗೆ ಬಂದು ಯವ್ವಾ ಎಂದು ಕೂಗು. ಹಿತ್ತಲಿಗೆ ಮಾತ್ರ ಬರಬೇಡ. ನೀನೂ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವೂ ನೂರು ಕಾಲ ಬಾಳಿರಿ.

ಇಂತಿ,
ನಿನಗೂ ಆ ಬಂದೂಕಿಗೂ ನಡುವೆ ಮಲಗಿರುವ
ಗುಣವತಿ