ಇನ್ನೊಂದು ಕಾಲಮ್ಮು ಸೇರಿಸಿ ಎಂದವರಿಗೆ

ಮಾನ್ಯ ನಿರ್ದೇಶಕರೇ,

ನಮ್ಮ ಧ್ವನಿ ಗ್ರಂಥಾಲಯ ಬಾಯಿ ಮುಚ್ಚಿ ಮೂರು ವಾರವಾಯಿತು. ಕಣ್ಣು ಕಾಣದವರು ಫೋನಿನಲ್ಲಿ ಪುಸ್ತಕ ಕೇಳಲೆಂದು ಇದ್ದ ಈ ವ್ಯವಸ್ಥೆಯ ಕತ್ತು ಹಿಸುಕಿದವರು ಇಬ್ಬರು. ಒಬ್ಬರು, ಸಹಿ ಹಾಕದ ತಾವು. ಇನ್ನೊಬ್ಬ, ಗ್ರಂಥಾಲಯದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೂ ಸಿಬ್ಬಂದಿಯೂ ಜವಾನನೂ ಆಗಿರುವ ನಾನು. ಗುಟ್ಟಾಗಿ ಬರೆದ ಮನವಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ ಈಗ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ. ಮಾನ ಹೋಗುವುದಾದರೆ ಇಬ್ಬರದೂ ಒಟ್ಟಿಗೇ ಹೋಗಲಿ.

ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಗಳ ನಡುವೆ ಒಂದು ಹಳೆಯ ಯಂತ್ರವಿತ್ತು. ಒಂದೇ ಮನೆಯಲ್ಲಿ ಹಲವು ಬಾಡಿಗೆದಾರರು ಇರುವಂತೆ ಅದರೊಳಗೆ ಐದು ವರ್ಚುವಲ್ ಸರ್ವರ್‌ಗಳು ಸಂಸಾರ ಹೂಡಿದ್ದವು. ಧ್ವನಿಮುದ್ರಿಸಿದ ಪುಸ್ತಕಗಳೆಲ್ಲ ಇದ್ದದ್ದು ಅವುಗಳಲ್ಲೇ. ಯಂತ್ರಕ್ಕೆ ವಯಸ್ಸಾಯಿತು, ಇವನ್ನೆಲ್ಲ ಯಾವುದಾದರೂ ಕಂಪನಿಯ ಕ್ಲೌಡಿಗೆ ಸಾಗಿಸಬೇಕು, ಮೂರು ಕಂಪನಿಗಳನ್ನು ಹೋಲಿಸಿ ವರದಿ ಕೊಡಿ ಎಂದು ತಾವು ಆದೇಶಿಸಿದಿರಿ. ಆದೇಶ ಸರಿಯಾಗಿಯೇ ಇತ್ತು. ಎರಡು ಪುಟದಲ್ಲಿ ಮುಗಿಯುವ ಕೆಲಸ. ಆದರೆ ನನ್ನ ಅಭಿಪ್ರಾಯವನ್ನು ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಯಾರೂ ಕೇಳುವುದಿಲ್ಲ. ಇಲಾಖೆಯೇ ಕೇಳಿದ ಮೇಲೆ ನನ್ನ ತಲೆ ನಿಂತೀತೇ? ನಲವತ್ತು ಕಾಲಮ್ಮಿನ ಕೋಷ್ಟಕ ಹಾಕಿದೆ.

ವಿಷಯ ಇಷ್ಟೇ ಇತ್ತು. ಮೊದಲನೆಯ ಕಂಪನಿ ನಮ್ಮ ಸರ್ವರ್‌ಗಳನ್ನು ಇದ್ದ ಹಾಗೇ ಎತ್ತಿಟ್ಟುಕೊಳ್ಳುತ್ತದೆ, ಆದರೆ ಒಂದು ಕೋಣೆ ಸಾಕೆಂದರೂ ಇಡೀ ಮನೆಯ ಬಾಡಿಗೆ ಕೇಳುತ್ತದೆ. ಎರಡನೆಯದು ಕೋಣೆಯನ್ನಷ್ಟೇ ಕೊಡುತ್ತದೆ, ಆದರೆ ಪ್ರತಿಯೊಂದು ಸರ್ವರನ್ನೂ ಅದರ ಅಳತೆಗೆ ಕತ್ತರಿಸಿ ಹೊಲಿಯಬೇಕು. ಮೂರನೆಯದರಲ್ಲಿ ಒಳಗೆ ಹಾಕುವುದಕ್ಕೆ ದುಡ್ಡಿಲ್ಲ, ಹೊರಗೆ ತೆಗೆದದ್ದಕ್ಕೆಲ್ಲ ದುಡ್ಡು. ನಮ್ಮದೋ ಬೆಳಗಿನಿಂದ ಸಂಜೆಯವರೆಗೆ ಧ್ವನಿಯನ್ನು ಹೊರಗೆ ಕಳಿಸುವುದೇ ಕಸುಬು. ನಾನು ಮೊದಲನೆಯದನ್ನು ಶಿಫಾರಸು ಮಾಡಿದೆ. ತಾವು, ಹತ್ತು ವರ್ಷದ ನಂತರ ಈ ಕಂಪನಿಗಳ ಸ್ಥಿತಿ ಏನಿರುತ್ತದೆ ಎಂಬ ಇನ್ನೊಂದು ಕಾಲಮ್ಮು ಸೇರಿಸಲು ಸೂಚಿಸಿದಿರಿ. ನಾಳೆ ನನ್ನ ಸ್ಕೂಟರ್ ಸ್ಟಾರ್ಟ್ ಆಗುತ್ತದೋ ಇಲ್ಲವೋ ಗೊತ್ತಿಲ್ಲದ ನಾನು ಅದನ್ನೂ ತುಂಬಿ, ನೀಲಿ ಬಣ್ಣ ಬಳಿದೆ. ತುಂಬಿ ಮುಗಿಸುವಷ್ಟರಲ್ಲಿ ಮೂರೂ ಕಂಪನಿಗಳು ದರ ಬದಲಿಸಿದ್ದವು. ಮತ್ತೆ ಮೊದಲಿನಿಂದ ಶುರು. ನಿಜ ಹೇಳಲೇ? ಖುಷಿಯಿಂದಲೇ ಶುರು ಮಾಡಿದೆ. ತಾವು ಸಹಿ ಹಾಕದೆ ಹಾಯಾಗಿದ್ದಿರಿ, ನಾನು ಹೋಲಿಸುತ್ತ ಹಾಯಾಗಿದ್ದೆ.

ಈ ನಡುವೆ ನನ್ನ ಬುದ್ಧಿವಂತಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲನೆಯ ಕಂಪನಿ ಒಂದು ತಿಂಗಳು ಪುಕ್ಕಟೆಯಾಗಿ ಪರೀಕ್ಷಿಸಿ ನೋಡಿ ಎಂದಿತು. ಐದೂ ಸರ್ವರ್‌ಗಳನ್ನು ಅಲ್ಲಿಗೆ ಸಾಗಿಸಿದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸವಾಯಿತು. ಆ ಹುಮ್ಮಸ್ಸಿನಲ್ಲಿ ಹಳೆಯ ಯಂತ್ರದ ಧೂಳು ಹೊಡೆಯೋಣವೆಂದು ಅದರ ಸ್ವಿಚ್ ಆರಿಸಿದೆ. ವರ್ಷಾನುಗಟ್ಟಲೆ ನಿಲ್ಲದೆ ಓಡಿದ ಯಂತ್ರವನ್ನು ಆರಿಸಬಾರದು, ಆರಿಸಿದರೆ ಮತ್ತೆ ಏಳುವುದಿಲ್ಲ ಎಂಬುದು ನಮ್ಮ ಕಸುಬಿನಲ್ಲಿ ನಿನ್ನೆ ಸೇರಿದವನಿಗೂ ಗೊತ್ತು. ನನಗೂ ಗೊತ್ತಿತ್ತು. ಅದು ಏಳಲಿಲ್ಲ. ಡಿಸ್ಕ್‌ಗಳೂ ಹೋದವೆಂದು ರಿಪೇರಿಯವನು ಕೈ ಚೆಲ್ಲಿದ. ಎಲ್ಲದರ ನಕಲು ಪ್ರತಿ ಇಡಬೇಕಿದ್ದ ಇನ್ನೊಂದು ಯಂತ್ರದ ಭಾಗಗಳನ್ನು ಕಿತ್ತು ಇದಕ್ಕೇ ಜೋಡಿಸಿ ಎಷ್ಟೋ ಕಾಲವಾಗಿತ್ತು. ಅಷ್ಟರಲ್ಲಿ ಪುಕ್ಕಟೆ ತಿಂಗಳು ಮುಗಿದು, ಕ್ಲೌಡಿನಲ್ಲಿದ್ದ ಸರ್ವರ್‌ಗಳಿಗೂ ಬೀಗ ಬಿತ್ತು. ನನ್ನ ಕೈಯಿಂದಲೇ ದುಡ್ಡು ಕಟ್ಟುತ್ತೇನೆ ಎಂದರೆ ಕಂಪನಿ ಒಪ್ಪಲಿಲ್ಲ. ಖಾತೆ ಸಂಸ್ಥೆಯ ಹೆಸರಿನಲ್ಲಿದೆ, ನಿರ್ದೇಶಕರಾದ ತಮ್ಮ ಸಹಿಯೇ ಬೇಕಂತೆ. ಈ ಶುಕ್ರವಾರ ಸಂಜೆಯೊಳಗೆ ಸಹಿ ಬಾರದಿದ್ದರೆ ಎಲ್ಲವನ್ನೂ ಅಳಿಸಿಹಾಕುತ್ತಾರೆ.

ನಮ್ಮ ಅಪ್ಪನಿಗೆ ಕಣ್ಣು ಮಂಜಾಗಿ ಬಹಳ ಕಾಲವಾಯಿತು. ಒಂದು ಪತ್ತೇದಾರಿ ಕಾದಂಬರಿ ಕೇಳುತ್ತಿದ್ದರು. ಕೊಲೆಗಾರ ಬಾಗಿಲು ತಟ್ಟಿದಲ್ಲಿಗೆ ನಿಂತುಹೋಗಿದೆ. ಆ ಪುಸ್ತಕ ನಾನು ಓದಿದ್ದೇನೆ, ಕೊಲೆಗಾರ ಯಾರೆಂದು ಹೇಳಿಬಿಡುತ್ತೇನೆ ಎಂದೆ.

“ನಿನ್ನ ಬಾಯಲ್ಲಿ ಕೇಳಿದ್ರೆ ಕೊಲೆಗೂ ಮರ್ಯಾದೆ ಇರಲ್ಲ ಕಣೋ,” ಎಂದರು. “ಆ ಟೀಚರಮ್ಮನೇ ಓದ್ಬೇಕು.”

ಅಪ್ಪ ಹೇಳುವ ಟೀಚರಮ್ಮ ನಿವೃತ್ತರಾದ ಮೇಲೆ ದಿನಾ ಬಂದು, ಫ್ಯಾನ್ ಆರಿಸಿದ ಕೋಣೆಯಲ್ಲಿ ಬೆವರುತ್ತ ಕೂತು, ನಮ್ಮಲ್ಲಿರುವ ಅರ್ಧದಷ್ಟು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಟ್ಟವರು. ಇನ್ನೊಮ್ಮೆ ಓದಿಸೋಣವೆಂದರೆ ಆಗುವುದಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್‌ನಲ್ಲಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಕಳೆದ ಸೋಮವಾರ ಅವರು ನನ್ನ ಕೋಣೆಗೆ ಬಂದರು. ನಾನು ಕೋಷ್ಟಕ ಬಿಡಿಸಿ, ಮೊದಲನೆಯ ಕಂಪನಿ, ಎರಡನೆಯ ಕಂಪನಿ ಎಂದು ವಿವರಿಸತೊಡಗಿದೆ. ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ನೆಪ ಕೇಳುವವರಂತೆ ತಾಳ್ಮೆಯಿಂದ ಕೇಳಿದರು. ಆಮೇಲೆ ನನ್ನ ಫೋನ್ ತೆಗೆದುಕೊಂಡು ಟೈಪ್ ಮಾಡಿದರು: “ಇದೆಲ್ಲ ಬೇಡಪ್ಪ. ನನ್ನ ಧ್ವನಿ ಇದೆಯೋ, ಇಲ್ವೋ?”

“ಇದೆ ಟೀಚರ್,” ಎಂದೆ. “ಶುಕ್ರವಾರದವರೆಗೆ ಇದೆ.”

ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಶಿಫಾರಸನ್ನು ವಾಪಸು ಪಡೆಯುತ್ತಿದ್ದೇನೆ. ಮೊದಲು ಸಹಿ ಹಾಕಿ ಬೀಗ ತೆಗೆಸಿ. ಆಮೇಲೆ ಅಲ್ಲೇ ಇಡಿ, ಎರಡನೆಯದಕ್ಕೆ ಸಾಗಿಸಿ, ನಾನು ಹನ್ನೊಂದು ಪುಟ ಬೈದಿರುವ ಮೂರನೆಯದಕ್ಕಾದರೂ ಸಾಗಿಸಿ, ತುಟಿ ಪಿಟಕ್ಕೆನ್ನುವುದಿಲ್ಲ. ಹೊಸ ವರದಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅದರಲ್ಲಿ ಒಂದೇ ಕಾಲಮ್ಮು ಇದೆ, ತಮ್ಮ ಸಹಿಗೆ.

ಶುಕ್ರವಾರದೊಳಗೆ ಅದು ಬಾರದಿದ್ದರೆ ಶನಿವಾರ ಬೆಳಿಗ್ಗೆ ಟೀಚರಮ್ಮನನ್ನು ತಮ್ಮ ಕಚೇರಿಗೆ ಕರೆತರುತ್ತೇನೆ. ತಾವು ಗಾಬರಿಯಾಗಬೇಕಿಲ್ಲ. ಅವರು ತಮ್ಮೆದುರು ಕೂರುತ್ತಾರೆ, ಅಷ್ಟೇ. ಏನೂ ಮಾತಾಡುವುದಿಲ್ಲ.

ಇಂತಿ,
ನಲವತ್ತೊಂದು ಕಾಲಮ್ಮು ತುಂಬಿಸಿ, ಒಂದು ಸ್ವಿಚ್ ಆರಿಸಿದ
ತಮ್ಮ ಅತಿ ಬುದ್ಧಿವಂತ ನೌಕರ