ಒದ್ದೆ ಕೈಯ ಪ್ರಾರ್ಥನೆ

ಪ್ರೀತಿಯ ಅಕ್ಕನಿಗೆ,

ನನ್ನ ಗಂಟಲಿನ ಗಡ್ಡೆಯ ವರದಿ ಬಂತು. ಕೆಟ್ಟದ್ದೇನೂ ಇಲ್ಲವಂತೆ. ಇನ್ನಾದರೂ ನೆಮ್ಮದಿಯಾಗಿ ಊಟ ಮಾಡು.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಮೂವತ್ತು ವರ್ಷ ಸಭೆಗೆ ಪ್ರಾರ್ಥನೆ ಕಲಿಸಿದ ಪಾಸ್ಟರ್ ನಾನು. ಆಪರೇಷನ್ನಿನ ಬೆಳಿಗ್ಗೆ ಪ್ರಾರ್ಥಿಸಲು ಹೋದರೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ವಾರ್ಡಿನ ನೆಲ ಒರೆಸುತ್ತಿದ್ದ ಹೆಂಗಸು ನನ್ನ ಮುಖ ನೋಡಿ, "ಭಯ ಆಗ್ತಿದ್ಯಾ ಅಯ್ಯನೋರೇ?" ಎಂದು ಕೇಳಿದರು. ನಾಚುತ್ತಲೇ ಹೌದೆಂದು ತಲೆಯಾಡಿಸಿದೆ. ಅವರು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದರು.

"ಯೇಸಪ್ಪಾ, ಇವ್ರು ಹೆದರಿದಾರೆ. ಜೊತೇಲೇ ಇರು."

ಅಷ್ಟೇ. ಆಮೇಲೆ, "ಸರಿಯಾಗಿ ಹೇಳಿದ್ನಾ? ನನಗೆ ಓದು ಬರಲ್ಲ," ಎಂದರು. ನಾನು ಮಗುವಿನ ಹಾಗೆ ಅತ್ತು "ಆಮೆನ್" ಎಂದೆ. ವರದಿ ಬರುವ ಮೊದಲೇ ಎದೆ ಹಗುರಾಗಿತ್ತು.

ಭಾನುವಾರ ಸಭೆಯಲ್ಲಿ ನನ್ನ ಬದಲು ಅವರೇ ಪ್ರಾರ್ಥಿಸುತ್ತಾರೆ; ನಾನೇ ಕೇಳಿಕೊಂಡೆ, ಒಪ್ಪಿದ್ದಾರೆ. ನಾನು ಕೆಳಗೆ ಬೆಂಚಿನಲ್ಲಿರುತ್ತೇನೆ. ನೀನು ಬೇಗ ಬಂದು ನನ್ನ ಪಕ್ಕದಲ್ಲಿ ಕೂರಬೇಕು.

ನಿನ್ನ ತಮ್ಮ