ಒಡ್ಡಿನ ಬುಡದ ನೀರು

೧೪ ಸೆಪ್ಟೆಂಬರ್ ೧೯೬೪, ಬೆಳಿಗ್ಗೆ
ಒಡ್ಡಿನ ಮೇಲೆ ಒಂದು ಸುತ್ತು. ಕೆರೆ ಮುಕ್ಕಾಲು ತುಂಬಿದೆ. ಬುಡದಲ್ಲಿ ನೀರು ಜಿನುಗುತ್ತಿದೆ — ತಿಳಿಯಾಗಿದೆ, ಚಿಂತೆಯಿಲ್ಲ. ಕೆಳಗಿನ ವಸ್ತಿಯ ಶೇವಂತೆವ್ವ ಅಲ್ಲಿಯೇ ಕೊಡ ತುಂಬುತ್ತಿದ್ದಳು. "ಗಂಗವ್ವ ತಾನಾಗೇ ಮನಿ ಬಾಗಿಲಿಗೆ ಬಂದಾಳ್ರಿ ಸಾಹೇಬ್ರ." ನೀರಿಲ್ಲದ ಊರು ಹೊರ್ತಿಯ ಹೆಣ್ಣುಮಗಳು. ತವರಿನಲ್ಲಿ ಕೊಡ ನೀರಿಗೆ ಎಷ್ಟು ನಡೆದಿದ್ದಳೋ.

೨೧ ಸೆಪ್ಟೆಂಬರ್
ಬಿಡದ ಮಳೆ. ಇಂದು ಬುಡದ ನೀರು ಕದಡಿದೆ. ಗ್ಲಾಸಿನಲ್ಲಿ ಹಿಡಿದಿಟ್ಟೆ. ತಳದಲ್ಲಿ ಮಣ್ಣು ಕೂತಿತು. ಒಡ್ಡು ಒಳಗಿನಿಂದ ಕರಗುತ್ತಿದೆ... ಕಟ್ಟುವಾಗ ಬುಡದಲ್ಲಿದ್ದ ಹಳ್ಳದ ಉಸುಕನ್ನು ಗಟ್ಟಿ ನೆಲ ಸಿಗುವತನಕ ತೆಗೆಯಬೇಕಿತ್ತು. ತೆಗೆದಿಲ್ಲ. ನಾನು ಈ ಕೆರೆಯ ಉಸ್ತುವಾರಿಗೆ ಬಂದದ್ದು ಆಮೇಲೆ. ನೀರು ಜಿನುಗುವ ಬಾಯಿಗೆ ಉಸುಕು, ಮೇಲೆ ಗರಸು, ಅದರ ಮೇಲೆ ಕಲ್ಲು ಹಾಕಿಸಿದೆ — ನೀರು ಹೋಗಲಿ, ಮಣ್ಣು ನಿಲ್ಲಲಿ ಎಂದು. ಸಂಜೆಗೆ ಪಕ್ಕದಲ್ಲಿ ಇನ್ನೊಂದು ಬಾಯಿ.

೨೨ ಸೆಪ್ಟೆಂಬರ್
ಸಿಂದಗಿಗೆ ಹೋದೆ, ಮೇಲಿನ ಇಂಜಿನಿಯರ್ ಬಸಂತರಾಯರ ಮನೆಗೆ. ಕೆರೆ ಖಾಲಿ ಮಾಡಬೇಕೆಂದೆ.
"ಜೈನುದ್ದೀನ, ಜನ ಈ ನೀರಿಗೆ ಬಾಯಿಬಿಟ್ಟು ಕುಂತಾರ. ಒಡ್ಡು ನಿಂತ್ರ ನಿನ್ನ ಹುಚ್ಚ ಅಂತಾರ."
"ನಿಲ್ಲದಿದ್ರ ಸರ್?"
ಬಸಿಗೆ ಚಹಾ ಸುರಿದುಕೊಂಡರು. ಕೊನೆಗೆ — "ತಿಳಿದಂಗ ಮಾಡು. ನಾ ಹೇಳೇನಿ ಅನಬ್ಯಾಡ."

೨೩ ಸೆಪ್ಟೆಂಬರ್, ಮಧ್ಯಾಹ್ನ
ತೂಬು ತೆರೆದೆ. ಊರಗೌಡ ರಾವಸಾಬ ಜನ ಕಟ್ಟಿಕೊಂಡು ಬಂದ. "ನಮ್ಮ ನೀರು ಹಳ್ಳಕ್ಕ ಬಿಡಾಕ ನೀವ್ಯಾರ್ರಿ?" ನನ್ನನ್ನು ಪಕ್ಕಕ್ಕೆ ತಳ್ಳಿ ತೂಬು ಮುಚ್ಚಿದರು. ಸಿಟ್ಟು ಬರಲಿಲ್ಲ. ಅವರ ಹೊಲ ನೀರು ಕಂಡದ್ದು ಇದೇ ಮೊದಲು.
ವಸ್ತಿಗೆ ಓಡಿದೆ. "ಈಗಿಂದೀಗ ಗುಡ್ಡ ಹತ್ರಿ." ಶೇವಂತೆವ್ವನ ಗಂಡ ಅಮೋಘಸಿದ್ಧ ನನ್ನ ಮುಖ ನೋಡಿ, ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೊರಟ. ಉಳಿದವರೂ ಹೊರಟರು. ಶೇವಂತೆವ್ವ ಮಾತ್ರ — "ಮಗಳು ಹಸಿ ಬಾಣಂತಿ ಅದಾಳ್ರಿ. ಈ ಮಳಿಯಾಗ ಹ್ಯಾಂಗ ನಡಸಲಿ? ಮಳಿ ನಿಲ್ಲಲಿ, ಬರ್ತೇನಿ."
"ಬಂಡಿ ತರ್ತೇನಿ, ತಯಾರಾಗಿರವ್ವ" ಎಂದು ಬಂದೆ. ಮೂರು ಮನೆ ಕೇಳಿದ್ದಾಯಿತು. ಗೌಡನ ಮಾತು ಮೀರುವವರಿಲ್ಲ. ನಾಲ್ಕನೆಯ ಮನೆಯ ಗೈಬುಸಾಬ ಬಂಡಿ ಹೂಡುತ್ತೇನೆ ಎಂದಿದ್ದಾನೆ. ಎತ್ತು ಬರುವತನಕ ಅವನ ಅಂಗಳದಲ್ಲಿ ಕೂತು ಇಷ್ಟು ಬರೆದೆ.

೨೬ ಸೆಪ್ಟೆಂಬರ್
ಅಂದು ಬಂಡಿ ಇಳಿಜಾರಿಗೆ ಬರುವಷ್ಟರಲ್ಲಿ ಒಡ್ಡಿನ ನಡು ಕುಸಿಯಿತು. ಮೊದಲು ಒಂದು ತಗ್ಗು. ಆಮೇಲೆ ಬಾಗಿಲಿನಷ್ಟು. ಆಮೇಲೆ ಒಡ್ಡೇ ಇಲ್ಲ. ಎತ್ತುಗಳು ಹೆಜ್ಜೆ ಕೀಳಲಿಲ್ಲ.
ಮಗಳು ಜಾಲಿಗಿಡದಲ್ಲಿ ಸಿಕ್ಕಳು, ಜೀವ ಇತ್ತು. ಶೇವಂತೆವ್ವ, ಕೂಸು — ಇಲ್ಲ.

೯ ಅಕ್ಟೋಬರ್
ಬಸಂತರಾಯರು ಬಂದಿದ್ದರು. ಇದೇ ಜಾಗದಲ್ಲಿ ಮತ್ತೆ ಕಟ್ಟುತ್ತಾರಂತೆ. "ಈ ಸಲ ಉಸುಕು ತೆಗೀತಾರೇನ್ರಿ?" ಎಂದೆ. "ಬರೋ ಮಳಿಗಾಲದೊಳಗ ಮುಗೀಬೇಕು" ಎಂದರು.
ಅವರು ಹೋದ ಮೇಲೆ ಅಮೋಘಸಿದ್ಧ ಬಂದ. ಕೂರಲಿಲ್ಲ. "ಮಗಳು ಹೇಳತಾಳ್ರಿ. ಮಳಿ ನಿಂತಿತ್ತಂತ. ನಡಿಯವ್ವ, ಹೋಗೂಣು ಅಂದ್ಲಂತ ಮಗಳು. ಸಾಹೇಬ್ರು ಬಂಡಿ ತರ್ತಾರ, ತಡಿ ಅಂದ್ಲಂತ ನಮ್ಮಾಕಿ."
ಮಳೆ ನಿಂತಿತ್ತೇ? ನೋಡಿರಲಿಲ್ಲ. ಮನೆಯಿಂದ ಮನೆಗೆ ತಿರುಗುತ್ತಿದ್ದೆ. ಗೈಬುಸಾಬನ ಅಂಗಳದಲ್ಲಿ ಕೂತು ಬರೆಯುವಾಗ, ಹಾಳೆಯ ಮೇಲೆ ಬಿಸಿಲು...